ಮೈ ಸುಡುವಾಗ ಚಳಿ ಏಕೆ?

ಮೈ ಕೆಂಡದಂತೆ ಸುಡುತ್ತಿರುತ್ತದೆ. ಆದರೂ ‘ಅಮ್ಮಾ, ಚಳಿ ಚಳಿ’ ಎಂದು ಕಂಬಳಿಯೊಳಗೆ ಮುದುಡಿ ಮಲಗುತ್ತೀರಿ. ಮೈ ಬಿಸಿಯಾದರೆ ಸೆಕೆಯಾಗಬೇಕು, ಚಳಿ ಏಕೆ? ಇದಕ್ಕೆ ಉತ್ತರ ಗೊತ್ತಾದರೆ ಜ್ವರದ ಅರ್ಧ ಗುಟ್ಟು ತಿಳಿದಂತೆ.

ನಮ್ಮ ಮಿದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಪುಟ್ಟ ಭಾಗವಿದೆ. ಮೈಯ ಬಿಸಿಯನ್ನು ಸುಮಾರು 37 ಡಿಗ್ರಿ ಸೆಲ್ಸಿಯಸ್ (98.6 ಡಿಗ್ರಿ ಫ್ಯಾರನ್‌ಹೀಟ್) ಆಸುಪಾಸಿನಲ್ಲಿ ಕಾಯ್ದುಕೊಳ್ಳುವುದು ಅದರ ಕೆಲಸ. ಇಸ್ತ್ರಿ ಪೆಟ್ಟಿಗೆಯಲ್ಲಿ ಬಿಸಿ ಎಷ್ಟಿರಬೇಕೆಂದು ತಿರುಗಿಸಿ ಇಡುವ ಗುಂಡಿ ಇದೆಯಲ್ಲ, ಹಾಗೆ. ರೋಗಾಣು ದೇಹಕ್ಕೆ ನುಗ್ಗಿದಾಗ ಬಿಳಿ ರಕ್ತಕಣಗಳು ಕೆಲವು ರಾಸಾಯನಿಕಗಳನ್ನು ಹೊರಬಿಡುತ್ತವೆ. ಆ ಸುದ್ದಿ ಮುಟ್ಟಿದೊಡನೆ ಹೈಪೊಥಲಾಮಸ್ ಗುಂಡಿಯನ್ನು 39ಕ್ಕೆ ತಿರುಗಿಸಿತು ಎಂದಿಟ್ಟುಕೊಳ್ಳಿ. ಮೈ ಇನ್ನೂ 37ರಲ್ಲೇ ಇದೆ. ಎರಡು ಡಿಗ್ರಿ ಕಡಿಮೆ! ಅದಕ್ಕೇ ಚಳಿ. ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ. ಚರ್ಮದ ರಕ್ತನಾಳಗಳು ಕುಗ್ಗಿ ಶಾಖವನ್ನು ಒಳಗೇ ಹಿಡಿದಿಡುತ್ತವೆ. ಗುಂಡಿ ಮತ್ತೆ ಕೆಳಗಿಳಿದಾಗ ಬೆವರು ಸುರಿಯುತ್ತದೆ. ‘ಬೆವರು ಬಂತು, ಜ್ವರ ಬಿಟ್ಟಿತು’ ಎಂದು ಅಜ್ಜಿ ಹೇಳುವುದು ಇದನ್ನೇ.

ಅಂದಮೇಲೆ ಜ್ವರವೇ ರೋಗವಲ್ಲ, ರೋಗದ ಸೂಚನೆ. ಬಿಸಿ ಏರಿದರೆ ಅನೇಕ ರೋಗಾಣುಗಳ ಬೆಳವಣಿಗೆ ಕುಂಠಿತವಾಗುತ್ತದೆ. ಇದು ದೇಹ ಹೂಡುವ ಯುದ್ಧ.

ಹಿಂದೆ ಜ್ವರ ಅಳೆಯುವುದೂ ಒಂದು ಸಾಹಸವೇ ಆಗಿತ್ತು. ಸುಮಾರು ಒಂದಡಿ ಉದ್ದದ ಥರ್ಮಾಮೀಟರನ್ನು ಇಪ್ಪತ್ತು ನಿಮಿಷ ಇಟ್ಟುಕೊಂಡಿರಬೇಕಿತ್ತು! ಇಂಗ್ಲೆಂಡಿನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್‌ಬಟ್ 1866ರಲ್ಲಿ ಅದನ್ನು ಆರು ಅಂಗುಲಕ್ಕೆ, ಐದು ನಿಮಿಷಕ್ಕೆ ಇಳಿಸಿದರು.

ಇನ್ನು ಹೆತ್ತವರಿಗೆ ಒಂದೆರಡು ಮಾತು. 38 ಡಿಗ್ರಿ (100.4 ಫ್ಯಾರನ್‌ಹೀಟ್) ದಾಟಿದರೆ ಜ್ವರವೆಂದು ಲೆಕ್ಕ. ಮಗುವಿಗೆ ರಗ್ಗಿನ ಮೇಲೆ ರಗ್ಗು ಹೊದಿಸಬೇಡಿ. ಐಸ್ ನೀರಿನ ಪಟ್ಟಿಯೂ ಬೇಡ, ಅದರಿಂದ ನಡುಕ ಹೆಚ್ಚುತ್ತದೆ. ನೀರು, ಗಂಜಿ, ಎಳನೀರು ಆಗಾಗ ಕೊಡಿ. ಪ್ಯಾರಾಸಿಟಮಾಲ್ ಪ್ರಮಾಣ ಮಗುವಿನ ತೂಕದ ಮೇಲೆ ನಿರ್ಧಾರವಾಗುತ್ತದೆ, ವೈದ್ಯರನ್ನು ಕೇಳಿಯೇ ಕೊಡಿ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಲೇಬಾರದು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಯಾವ ಮಗುವಿಗಾದರೂ ಫಿಟ್ಸ್, ಕತ್ತು ಬಿಗಿತ, ಏದುಸಿರು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೊರಡಿ. ಡೆಂಗಿಯಲ್ಲಂತೂ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಆಗ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ ಕಾಣಿಸಿಕೊಂಡರೆ ‘ಜ್ವರ ಬಿಟ್ಟಿತಲ್ಲ’ ಎಂದು ಸುಮ್ಮನಿರಬೇಡಿ.

‘ಮಳೇಲಿ ನೆನೆದೆ, ಅನುಭವಿಸು’ ಎಂದು ಬೈಯುವುದನ್ನೂ ಬಿಡಿ. ಬೈಸಿಕೊಂಡ ಮಗು ಮುಂದಿನ ಸಲ ಜ್ವರವನ್ನು ಮುಚ್ಚಿಡುತ್ತದೆ.

ಮಕ್ಕಳೇ, ಜ್ವರ ನಿಮ್ಮ ತಪ್ಪಲ್ಲ, ಶಿಕ್ಷೆಯೂ ಅಲ್ಲ. ಪರೀಕ್ಷೆಯಿರಲಿ, ಪ್ರವಾಸವಿರಲಿ, ಮೈ ಬಿಸಿಯಾದರೆ ಕೂಡಲೇ ಮನೆಯವರಿಗೆ ಹೇಳಿಬಿಡಿ. ಯುದ್ಧ ಮಾಡುವುದು ನಿಮ್ಮ ದೇಹವೇ ಆದರೂ ಅದಕ್ಕೆ ದೊಡ್ಡವರ ನೆರವು ಬೇಕು.