ಎಷ್ಟು ಓಡಿದರೆ ಮ್ಯಾರಥಾನ್? ಮಹಿಳೆಯರ ಓಟ ಮತ್ತು ದೂರದ ಲೆಕ್ಕ

ಮಾರ್ಚ್ 8 ಹತ್ತಿರ ಬಂತು ಅಂದರೆ ನಮ್ಮ ಗಡಿ ಊರುಗಳಲ್ಲಿ ಫಲಕಗಳು ಏಳುತ್ತವೆ. ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯಲ್ಲಿ, ಕಾಸರಗೋಡಿನಲ್ಲಿ ಮಲಯಾಳದಲ್ಲಿ, ತಾಳವಾಡಿ, ಹೊಸೂರಿನಲ್ಲಿ ತಮಿಳಿನಲ್ಲಿ, ಆದವಾನಿ, ರಾಯದುರ್ಗದಲ್ಲಿ ತೆಲುಗಿನಲ್ಲಿ. ಲಿಪಿ ಬೇರೆ ಬೇರೆ, ಪದ ಮಾತ್ರ ಒಂದೇ: ಮಹಿಳಾ ಮ್ಯಾರಥಾನ್. ಕೆಳಗೆ ಸಣ್ಣ ಅಕ್ಷರದಲ್ಲಿ ದೂರ ಬರೆದಿರುತ್ತದೆ. 3 ಕಿ.ಮೀ., ಹೆಚ್ಚೆಂದರೆ 5 ಕಿ.ಮೀ.

ಇಂಥ ಫಲಕ ನೋಡಿದ ಮಕ್ಕಳು ತರಗತಿಯಲ್ಲಿ ಎರಡು ಪ್ರಶ್ನೆ ಕೇಳ್ತಾರೆ. ನಿಮ್ಮಲ್ಲೂ ಕೇಳಿರಬಹುದು. ಒಂದು, ‘ಮ್ಯಾರಥಾನ್ ಅಂದರೆ 42 ಕಿ.ಮೀ. ಅಲ್ವಾ, 3 ಕಿ.ಮೀ. ಹೇಗೆ ಮ್ಯಾರಥಾನ್ ಆಗುತ್ತೆ?’ ಇನ್ನೊಂದು, ಸಾಮಾನ್ಯವಾಗಿ ಹಿಂದಿನ ಬೆಂಚಿನಿಂದ ಬರೋದು, ‘ಹುಡುಗರು ಯಾಕೆ ಓಡಬಾರದು?’ ದೊಡ್ಡವರ ನಡುವೆಯೂ ಇದೇ ಚರ್ಚೆ ನಡೆಯುತ್ತದೆ, ಅಲ್ಲಿ ಈ ಎರಡೂ ಪ್ರಶ್ನೆ ಕಲಸಿಹೋಗುತ್ತವೆ. ಮೊದಲನೆಯದು ಅಳತೆಯ ಪ್ರಶ್ನೆ. ಎರಡನೆಯದು ಯಾರಿಗೆ ಜಾಗ ಅನ್ನೋ ಪ್ರಶ್ನೆ. ಬಿಡಿಸಿ ನೋಡಿದರೆ ಎರಡಕ್ಕೂ ಉತ್ತರ ಸಿಗುತ್ತದೆ. ವಿಜ್ಞಾನದ ಒಳ್ಳೆಯ ಪಾಠವೂ ಆಗುತ್ತದೆ.

ಊರಿನ ಹೆಸರು ಅಳತೆಯಾದದ್ದು

ಮ್ಯಾರಥಾನ್ ಗ್ರೀಸ್ ದೇಶದ ಒಂದು ಊರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಸೋಂಪಿನ ಗಿಡ, ಅಂದರೆ ನಮ್ಮ ಬಡೇಸೋಪು, ಅನ್ನೋ ಅರ್ಥವಿದೆ. ‘ಥಾನ್’ ಅನ್ನೋ ತುಂಡಿಗೆ ಓಟ ಅಂತ ಅರ್ಥವೇನೂ ಇಲ್ಲ. ವಾಕಥಾನ್, ಸೈಕ್ಲೋಥಾನ್ ಎಲ್ಲ ಆಮೇಲೆ ಅಂಟಿಸಿಕೊಂಡದ್ದು.

1896ರಲ್ಲಿ ಅಥೆನ್ಸಿನ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿ ಆ ಊರಿನಿಂದ ಕ್ರೀಡಾಂಗಣದವರೆಗೆ ಸುಮಾರು 40 ಕಿ.ಮೀ. ಓಡಿಸಿದರು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯ ಆವರಣದಿಂದ ಹೊರಟು ಕ್ರೀಡಾಂಗಣದ ರಾಜಮನೆತನದ ಆಸನಗಳ ಮುಂದೆ ಮುಗಿಸಿದರು. ಆಗ ಬಂದ ದೂರ 26 ಮೈಲು 385 ಗಜ. ಮೆಟ್ರಿಕ್‌ಗೆ ತಂದರೆ 42.195 ಕಿ.ಮೀ. ಅಷ್ಟಕ್ಕೇ ನಿಲ್ಲಲಿಲ್ಲ. 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ 40.2, 1920ರಲ್ಲಿ ಆಂಟ್‌ವರ್ಪ್‌ನಲ್ಲಿ 42.75 ಕಿ.ಮೀ. ಆಯಿತು. ಒಂದೊಂದು ಊರಿಗೆ ಒಂದೊಂದು ಸೇರು, ಪಾವು ಇದ್ದ ಕಾಲ ಗೊತ್ತಲ್ಲ, ಹಾಗೆ. 1921ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ 42.195 ಕಿ.ಮೀ. ಎಂದು ನಿಗದಿ ಮಾಡಿತು.

ಈ ಸಂಖ್ಯೆ ಪ್ರಕೃತಿ ಕೊಟ್ಟದ್ದಲ್ಲ, ಜನ ಒಪ್ಪಿಕೊಂಡದ್ದು. ಮೀಟರ್, ಕಿಲೋಗ್ರಾಂ ಕೂಡ ಹಾಗೇ. ಒಪ್ಪಿಕೊಂಡ ಮೇಲೆ ಅದರಿಂದ ಒಂದು ಲಾಭವಿದೆ: ಟೋಕಿಯೊದ ಓಟಗಾರ್ತಿಯನ್ನೂ ಬೆಂಗಳೂರಿನ ಓಟಗಾರ್ತಿಯನ್ನೂ ಹೋಲಿಸಬಹುದು. 3 ಕಿ.ಮೀ.ಗೂ ಅದೇ ಹೆಸರು ಇಟ್ಟರೆ ಹೋಲಿಸೋದಕ್ಕೆ ಏನೂ ಉಳಿಯೋದಿಲ್ಲ.

5 ಕಿ.ಮೀ., 42 ಕಿ.ಮೀ.: ದೇಹದ ಲೆಕ್ಕ

‘ಒಂದು ಸ್ವಲ್ಪ, ಇನ್ನೊಂದು ಜಾಸ್ತಿ, ಅಷ್ಟೇ ತಾನೆ?’ ಅಂತ ಕೇಳಬಹುದು. ಅಷ್ಟೇ ಅಲ್ಲ. ಓಡುವಾಗ ಒಂದು ಕಿಲೋಗ್ರಾಂ ದೇಹತೂಕಕ್ಕೆ, ಒಂದು ಕಿಲೋಮೀಟರಿಗೆ, ಹೆಚ್ಚುಕಡಿಮೆ 1 ಕಿಲೋಕ್ಯಾಲರಿ ಖರ್ಚು. 50 ಕಿ.ಗ್ರಾಂ ತೂಕದ ಮಹಿಳೆ 5 ಕಿ.ಮೀ. ಓಡಿದರೆ 250 ಕಿಲೋಕ್ಯಾಲರಿ. 42.195 ಕಿ.ಮೀ. ಓಡಿದರೆ ಸುಮಾರು 2,110.

ಈಗ ಜಮೆ ನೋಡಿ. ವಯಸ್ಕರ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಸುಮಾರು 400ರಿಂದ 500 ಗ್ರಾಂ ಇರುತ್ತದೆ. ಗ್ರಾಂಗೆ 4 ಕಿಲೋಕ್ಯಾಲರಿಯಂತೆ 1,600ರಿಂದ 2,000. ಐದು ಕಿಲೋಮೀಟರಿಗೆ ಈ ಜಮೆ ಧಾರಾಳ ಸಾಕು, ಮ್ಯಾರಥಾನ್‌ಗೆ ಸಾಲದು. ಕೊಬ್ಬಿನಿಂದಲೂ ಶಕ್ತಿ ಬರುತ್ತದೆ, ಆದರೆ ನಿಧಾನವಾಗಿ. ಅದಕ್ಕೇ 30 ಕಿ.ಮೀ. ದಾಟಿದ ಮೇಲೆ ಅನೇಕರಿಗೆ ಕಾಲು ಕಟ್ಟಿದ ಹಾಗಾಗುತ್ತದೆ. ಓಟಗಾರರು ಇದನ್ನು ‘ಗೋಡೆಗೆ ಗುದ್ದೋದು’ ಅಂತಾರೆ. ತಿಂಗಳುಗಟ್ಟಲೆ ತಯಾರಿ ಬೇಕಾಗೋದು ಈ ಕಾರಣಕ್ಕೆ. ಪೂರ್ಣ ಮ್ಯಾರಥಾನ್‌ಗೆ ಸಾಮಾನ್ಯವಾಗಿ 18 ವರ್ಷ ತುಂಬಿದವರನ್ನೇ ಸೇರಿಸಿಕೊಳ್ಳುತ್ತಾರೆ. ಹಾಗಾಗಿ ‘ನಾನು ಮ್ಯಾರಥಾನ್ ಓಡಿದ್ದೇನೆ’ ಅಂತ 3 ಕಿ.ಮೀ. ಓಡಿದ ಹುಡುಗಿ ನಂಬಿಬಿಟ್ಟರೆ ಅಪಾಯವೂ ಇದೆ. ನಾಳೆ ನಿಜವಾದ ಮ್ಯಾರಥಾನ್‌ಗೆ ತಯಾರಿ ಇಲ್ಲದೆ ಹೆಸರು ಕೊಟ್ಟಾಳು.

ರಸ್ತೆಯನ್ನು ಅಳೆಯೋದು ಹೇಗೆ?

ಅಂತರರಾಷ್ಟ್ರೀಯ ಓಟದ ದಾರಿಯನ್ನು ಇವತ್ತಿಗೂ ಸೈಕಲ್ಲಿನಲ್ಲೇ ಅಳೆಯುತ್ತಾರೆ ಅಂದರೆ ಮಕ್ಕಳಿಗೆ ಆಶ್ಚರ್ಯ. ಮುಂದಿನ ಚಕ್ರದ ಅಚ್ಚಿಗೆ ಜೋನ್ಸ್ ಕೌಂಟರ್ ಅನ್ನೋ ಸಣ್ಣ ಎಣಿಕೆ ಯಂತ್ರ ಕೂಡಿಸುತ್ತಾರೆ. ಚಕ್ರ ಒಂದು ಸುತ್ತು ತಿರುಗಿದರೆ ಅದು 20ಕ್ಕೂ ಹೆಚ್ಚು ಅಂಕಿ ಮುಂದೆ ಹೋಗುತ್ತದೆ. ಉಕ್ಕಿನ ಟೇಪಿನಲ್ಲಿ ಅಳೆದ ನೇರ ರಸ್ತೆಯ ಮೇಲೆ ಮೊದಲು ಸೈಕಲ್ ಓಡಿಸಿ, ಒಂದು ಕಿಲೋಮೀಟರಿಗೆ ಎಷ್ಟು ಅಂಕಿ ಅಂತ ಗೊತ್ತು ಮಾಡಿಕೊಳ್ಳುತ್ತಾರೆ. ಓಟದ ದಾರಿ ಅಳೆದು ಮುಗಿದ ಮೇಲೆ ಮತ್ತೆ ಅದೇ ನೇರ ರಸ್ತೆಗೆ ಬಂದು ಪರೀಕ್ಷೆ ಮಾಡುತ್ತಾರೆ. ಯಾಕೆ? ಬಿಸಿಲೇರಿದರೆ ಟೈರಿನ ಗಾಳಿ ಹಿಗ್ಗುತ್ತದೆ, ಚಕ್ರದ ಸುತ್ತಳತೆ ಕೂದಲೆಳೆಯಷ್ಟು ಹೆಚ್ಚುತ್ತದೆ. 42 ಕಿ.ಮೀ.ಗೆ ಆ ಕೂದಲೆಳೆ ಹತ್ತಾರು ಮೀಟರ್ ಆದೀತು. ಅನಿಲ ನಿಯಮದ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ.

ಇನ್ನೊಂದು ಎಚ್ಚರಿಕೆಯನ್ನೂ ತಗೊಳ್ತಾರೆ. ಬಂದ ದೂರಕ್ಕೆ ಸಾವಿರಕ್ಕೆ ಒಂದರಷ್ಟು ಸೇರಿಸುತ್ತಾರೆ, ಅಂದರೆ ಮ್ಯಾರಥಾನ್‌ಗೆ ಸುಮಾರು 42 ಮೀ. ತಿರುವುಗಳಲ್ಲಿ ಅಂಚಿನಿಂದ 30 ಸೆಂ.ಮೀ. ಬಿಟ್ಟು, ಸಾಧ್ಯವಿರುವ ಅತಿ ಹತ್ತಿರದ ದಾರಿಯನ್ನೇ ಅಳೆಯುತ್ತಾರೆ. ದಾರಿ ಸ್ವಲ್ಪ ಉದ್ದವಾದರೆ ಪರವಾಗಿಲ್ಲ, ಗಿಡ್ಡ ಆಗಬಾರದು ಅನ್ನೋದು ತತ್ತ್ವ.

ದಾಖಲೆಗೆ ಇನ್ನೂ ಎರಡು ಷರತ್ತುಗಳಿವೆ. ಆರಂಭ ಮತ್ತು ಅಂತ್ಯದ ನಡುವಿನ ನೇರ ಅಂತರ ಓಟದ ದೂರದ ಅರ್ಧ ಮೀರಬಾರದು, ಇಲ್ಲವಾದರೆ ಬೆನ್ನಹಿಂದಿನ ಗಾಳಿ ಕೊನೆವರೆಗೂ ತಳ್ಳೀತು. ಇಳಿಜಾರು ಒಟ್ಟಾರೆ ಕಿಲೋಮೀಟರಿಗೆ 1 ಮೀ. ದಾಟಬಾರದು. ಬೋಸ್ಟನ್ ದಾರಿ ಈ ಎರಡರಲ್ಲೂ ಹೊರಗುಳಿಯುತ್ತದೆ. 2011ರಲ್ಲಿ ಅಲ್ಲಿ ಜೆಫ್ರಿ ಮುತಾಯ್ 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಓಡಿದರು. ಆ ಹೊತ್ತಿನ ವಿಶ್ವದಾಖಲೆಗಿಂತ ವೇಗ, ಆದರೂ ದಾಖಲೆ ಅಂತ ಒಪ್ಪಲಿಲ್ಲ. ಬೋಸ್ಟನ್ ಓಟ ಮ್ಯಾರಥಾನ್ ಹೌದು, ದಾಖಲೆಗೆ ತಕ್ಕ ದಾರಿ ಅಲ್ಲ.

ಮಹಿಳೆಯರಿಗೆ ಮಾತ್ರ ಅಂತ ಯಾಕೆ ಬಂತು?

ಈಗ ಹಿಂದಿನ ಬೆಂಚಿನ ಪ್ರಶ್ನೆ. ಇದಕ್ಕೆ ಇತಿಹಾಸ ನೋಡಬೇಕು. 1928ರ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀ. ಓಟ ನಡೆಯಿತು. ಓಡಿದವರು ಸುಸ್ತಾದದ್ದನ್ನು ಪತ್ರಿಕೆಗಳು ಉತ್ಪ್ರೇಕ್ಷೆ ಮಾಡಿ ಬರೆದವು. ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಸೇರಿಸಿದ್ದು 1960ರಲ್ಲಿ. ದೂರ ಓಡಿದರೆ ಗರ್ಭಕೋಶ ಜಾರುತ್ತದೆ ಅಂತೆಲ್ಲ ಹೆದರಿಸುತ್ತಿದ್ದ ಕಾಲ ಅದು. 1966ರಲ್ಲಿ ಬಾಬಿ ಗಿಬ್ ಬೋಸ್ಟನ್‌ನಲ್ಲಿ ಪೊದೆಯ ಹಿಂದೆ ಅಡಗಿದ್ದು, ಓಟ ಶುರುವಾದ ಮೇಲೆ ಗುಂಪಿಗೆ ಸೇರಿ ಪೂರ್ತಿ ಓಡಿದರು. 1967ರಲ್ಲಿ ಕ್ಯಾಥ್ರಿನ್ ಸ್ವಿಟ್ಜರ್ 261ನೇ ಸಂಖ್ಯೆ ಕಟ್ಟಿಕೊಂಡು ಓಡುವಾಗ ಅಧಿಕಾರಿಯೊಬ್ಬರು ಅದನ್ನು ಕಿತ್ತುಕೊಳ್ಳಲು ನೋಡಿದರು. ಅವರೂ ಓಟ ಮುಗಿಸಿಯೇ ನಿಂತರು. ಬೋಸ್ಟನ್ ಮಹಿಳೆಯರನ್ನು ಅಧಿಕೃತವಾಗಿ ಸೇರಿಸಿಕೊಂಡದ್ದು 1972ರಲ್ಲಿ.

ಅದೇ 1972ರಲ್ಲಿ ನ್ಯೂಯಾರ್ಕ್‌ನಲ್ಲಿ ಎರಡು ಘಟನೆ ನಡೆದವು. ಜೂನ್‌ನಲ್ಲಿ ಮಹಿಳೆಯರಿಗೆ ಮಾತ್ರ ಅಂತ 6 ಮೈಲಿಯ ಒಂದು ಓಟ. 78 ಮಹಿಳೆಯರು ಬಂದರು. ಹೆಸರು ‘ಮಿನಿ ಮ್ಯಾರಥಾನ್’. ಆಗಿನ ಫ್ಯಾಷನ್ ಆಗಿದ್ದ ಮಿನಿಸ್ಕರ್ಟಿನಿಂದ ಬಂದ ‘ಮಿನಿ’ ಅದು. ಆ ಓಟ ಈಗಲೂ ನಡೆಯುತ್ತದೆ, ದೂರ 10 ಕಿ.ಮೀ., ಹೆಸರು ‘ಮಿನಿ 10ಕೆ’. ಮ್ಯಾರಥಾನ್ ಅನ್ನೋ ಪದ ಉದುರಿದೆ, ಓಟಕ್ಕೇನೂ ಕುಂದಾಗಿಲ್ಲ.

ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಮ್ಯಾರಥಾನ್. ಮಹಿಳೆಯರು ಗಂಡಸರಿಗಿಂತ 10 ನಿಮಿಷ ಮೊದಲೇ ಪ್ರತ್ಯೇಕವಾಗಿ ಹೊರಡಬೇಕು ಅಂತ ನಿಯಮ ಹಾಕಿದರು. ಗುಂಡು ಹಾರಿತು, ಆರು ಮಹಿಳೆಯರು ಆರಂಭದ ಗೆರೆಯ ಮೇಲೇ ಕೂತುಬಿಟ್ಟರು. ಹತ್ತು ನಿಮಿಷ ಕಳೆದ ಮೇಲೆ ಗಂಡಸರ ಜೊತೆ ಎದ್ದು ಓಡಿದರು. ಆ ಹತ್ತು ನಿಮಿಷವನ್ನೂ ಅವರ ಸಮಯಕ್ಕೆ ಸೇರಿಸಿದರು.

ಒಂದೇ ಊರು, ಒಂದೇ ವರ್ಷ. ಒಂದು ಪ್ರತ್ಯೇಕ ಓಟಕ್ಕೆ ಖುಷಿಯಿಂದ ಬಂದರು, ಇನ್ನೊಂದು ಪ್ರತ್ಯೇಕ ಆರಂಭವನ್ನು ವಿರೋಧಿಸಿದರು. ಮೊದಲನೆಯದು ಅವರಿಗೆ ತೆರೆದ ಬಾಗಿಲು, ಎರಡನೆಯದು ಅವರ ಮೇಲೆ ಹೇರಿದ್ದು. ‘ಮಹಿಳೆಯರಿಗೆ ಮಾತ್ರ’ ಅನ್ನೋದು ಸರಿಯೋ ತಪ್ಪೋ ಅಂತ ಕೇಳುವ ಮೊದಲು, ಅದರಿಂದ ಓಡುವವರ ಸಂಖ್ಯೆ ಹೆಚ್ಚಿತೋ ಕಡಿಮೆಯಾಯಿತೋ ಅಂತ ಕೇಳಬೇಕು.

ಬ್ರಿಟನ್ನಿನ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವ ‘ರೇಸ್ ಫಾರ್ ಲೈಫ್’ 1994ರಲ್ಲಿ ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದಲ್ಲಿ ಮಹಿಳೆಯರ 5 ಕಿ.ಮೀ. ಓಟವಾಗಿ ಶುರುವಾಯಿತು. ಕ್ಯಾನ್ಸರ್ ಗಂಡಸರಿಗೂ ಬರುತ್ತದಲ್ಲ, ನಮ್ಮನ್ನು ಯಾಕೆ ಹೊರಗಿಡ್ತೀರಿ ಅಂತ ಗಂಡಸರು ಕೇಳಿದರು. ಸ್ಪರ್ಧೆಯ ಭಯವಿಲ್ಲದೆ, ಯಾರೂ ನೋಡಿ ನಗುತ್ತಾರೆ ಅನ್ನೋ ಅಳುಕಿಲ್ಲದೆ ಹೆಂಗಸರು ಬರುವ ಜಾಗ ಇದೊಂದೇ ಅಂತ ಇನ್ನೊಂದು ಕಡೆಯವರು ಹೇಳಿದರು. 2019ರಿಂದ ಅದು ಎಲ್ಲರಿಗೂ ತೆರೆದಿದೆ. ನಮ್ಮ ದೇಶದಲ್ಲಿ 2012ರಲ್ಲಿ ಮುಂಬೈಯಲ್ಲಿ ಶುರುವಾದ ಪಿಂಕಥಾನ್ ಸ್ತನ ಕ್ಯಾನ್ಸರ್ ಜಾಗೃತಿಗಾಗಿ ಮಹಿಳೆಯರನ್ನೇ ಓಡಿಸುತ್ತದೆ. ಅದು ತನಗೇ ಒಂದು ಹೆಸರು ಕಟ್ಟಿಕೊಂಡಿದೆ, ಒಳಗೆ 3, 5, 10 ಕಿ.ಮೀ. ಅಂತ ದೂರಗಳನ್ನು ಬೇರೆಬೇರೆಯಾಗಿ ಹೇಳುತ್ತದೆ. ಜಪಾನಿನ ನಗೋಯಾದಲ್ಲಿ ಮಹಿಳೆಯರಿಗೆ ಮಾತ್ರ ನಡೆಯುವ ಓಟ ಪೂರ್ತಿ 42.195 ಕಿ.ಮೀ. ಅಂದರೆ ‘ಮಹಿಳೆಯರಿಗೆ ಮಾತ್ರ’ ಎಂದ ಕೂಡಲೇ ದೂರ ಗಿಡ್ಡ ಆಗಬೇಕು ಅಂತಿಲ್ಲ.

ದಾಖಲೆ ಪುಸ್ತಕದಲ್ಲೂ ಇದೇ ಜಗಳ

ಗಂಡಸರ ಜೊತೆ ಓಡಿದರೆ ವೇಗದಲ್ಲಿ ವ್ಯತ್ಯಾಸ ಆಗುತ್ತದೆಯೇ? ಅತಿ ವೇಗದವರಿಗೆ ಆಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿ ಹೆಚ್ಚುತ್ತದೆ. ಮುಂದೆ ಒಬ್ಬರು ಓಡುತ್ತಿದ್ದರೆ ಹಿಂದಿನವರಿಗೆ ತಡೆ ಕಡಿಮೆ, ಜೊತೆಗೆ ಒಂದೇ ಸಮ ವೇಗ ಹಿಡಿಯಲು ದಾರಿಯೂ ಸಿಗುತ್ತದೆ. 2003ರಲ್ಲಿ ಲಂಡನ್‌ನಲ್ಲಿ ಪೌಲಾ ರಾಡ್‌ಕ್ಲಿಫ್ 2:15:25ರಲ್ಲಿ ಓಡಿದಾಗ ಗಂಡು ಓಟಗಾರರು ವೇಗ ತೋರಿಸಲು ಜೊತೆಗಿದ್ದರು. 2011ರಲ್ಲಿ ಒಕ್ಕೂಟ, ಇನ್ನು ಮಹಿಳೆಯರಿಗೆ ಮಾತ್ರ ನಡೆದ ಓಟವೇ ದಾಖಲೆ ಅಂತ ತೀರ್ಮಾನಿಸಿ ಆ ಸಮಯವನ್ನು ದಾಖಲೆಯಿಂದ ಕೆಳಗಿಳಿಸಲು ಹೊರಟಿತು. ವಿರೋಧ ಜೋರಾಯಿತು. ಕೊನೆಗೆ ಎರಡನ್ನೂ ಇಟ್ಟುಕೊಂಡರು: ಮಿಶ್ರ ಓಟದ ದಾಖಲೆ ಒಂದು, ಮಹಿಳೆಯರ ಓಟದ ದಾಖಲೆ ಇನ್ನೊಂದು. ಇಥಿಯೋಪಿಯಾದ ತಿಗಿಸ್ತ್ ಅಸೆಫಾ 2023ರಲ್ಲಿ ಬರ್ಲಿನ್‌ನ ಮಿಶ್ರ ಓಟದಲ್ಲಿ 2:11:53, 2025ರಲ್ಲಿ ಲಂಡನ್‌ನ ಮಹಿಳೆಯರ ಓಟದಲ್ಲಿ 2:15:50 ತೆಗೆದುಕೊಂಡರು. ಓಡಿದಾಗ ಎರಡೂ ವಿಶ್ವದಾಖಲೆಗಳೇ. ನಾಲ್ಕು ನಿಮಿಷದ ಈ ಅಂತರದಲ್ಲಿ ದಾರಿ, ಹವೆಯ ಪಾಲೂ ಇರುತ್ತದೆ ಅನ್ನೋದನ್ನು ಮಕ್ಕಳಿಗೆ ಹೇಳಿ.

ನಮ್ಮೂರಿನ ಓಟಕ್ಕೆ ಈ ಲೆಕ್ಕ ಅನ್ವಯಿಸುತ್ತದೆಯೇ? ಬರ್ಲಿನ್‌ನಲ್ಲಿ ಅಸೆಫಾ ಅವರ ವೇಗ ಸೆಕೆಂಡಿಗೆ 5.33 ಮೀ. ನಿಧಾನವಾಗಿ ಓಡುವ ಗೃಹಿಣಿಯದು 2 ಮೀ. ಅಂತಿಟ್ಟುಕೊಳ್ಳಿ. 5.33ನ್ನು 2ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 7. ಅಂದರೆ ಆಕೆಗೆ ಗಾಳಿಯ ತಡೆ ಏಳರಲ್ಲಿ ಒಂದು ಪಾಲು. ಗಾಳಿ ಅವಳನ್ನು ತಡೆಯೋದಿಲ್ಲ. ತಡೆಯೋದು ರಸ್ತೆ ಬದಿಯ ಕಣ್ಣುಗಳು, ಮನೆಕೆಲಸ, ‘ಈ ವಯಸ್ಸಲ್ಲಿ ಓಟ ಬೇಕಾ’ ಅನ್ನೋ ಮಾತು. ಆ ತಡೆ ಇರುವವರೆಗೆ ಮಹಿಳೆಯರ ಓಟಕ್ಕೆ ಕಾರಣವಿದೆ.

ಶಾಲೆಯಲ್ಲಿ ಮಾಡಿ ನೋಡಿ

ಈ ಸಲ ನಿಮ್ಮ ಶಾಲೆಯ ಹುಡುಗಿಯರ ಓಟದ ದಾರಿಯನ್ನು ಹುಡುಗಿಯರೇ ಅಳೆಯಲಿ. ಬೇಕಾದದ್ದು ಒಂದು ಸೈಕಲ್, ಒಂದು ಟೇಪು, ಸುಣ್ಣದ ಪುಡಿ.

1. ಮೈದಾನದಲ್ಲಿ ಟೇಪಿನಿಂದ 100 ಮೀ. ಗುರುತು ಹಾಕಿ.
2. ಮುಂದಿನ ಚಕ್ರದ ಒಂದು ಕಡ್ಡಿಗೆ ಬಣ್ಣದ ಬಟ್ಟೆ ಕಟ್ಟಿ. 100 ಮೀ.ಗೆ ಎಷ್ಟು ಸುತ್ತು ಅಂತ ನಾಲ್ಕು ಸಲ ಎಣಿಸಿ, ಸರಾಸರಿ ತೆಗೆಯಿರಿ.
3. ಓಟದ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗಿ ಸುತ್ತು ಎಣಿಸಿ. ಒಬ್ಬಳು ತಳ್ಳಲಿ, ಒಬ್ಬಳು ಎಣಿಸಲಿ, ಒಬ್ಬಳು ಬರೆದುಕೊಳ್ಳಲಿ.
4. ಮಧ್ಯಾಹ್ನ ಬಿಸಿಲಲ್ಲಿ ಎರಡನೇ ಹೆಜ್ಜೆ ಮತ್ತೆ ಮಾಡಿ. ಸಂಖ್ಯೆ ಬದಲಾಯಿತೇ ನೋಡಿ.

ನಮ್ಮ ಒಂಬತ್ತನೇ ತರಗತಿಯ ಹುಡುಗಿಯರು ಅಳೆದಾಗ 100 ಮೀ.ಗೆ 47.5 ಸುತ್ತು ಬಂತು. ಊರಲ್ಲೆಲ್ಲ ‘ಎರಡು ಕಿಲೋಮೀಟರ್’ ಅಂತ ಹೇಳುವ ದಾರಿಗೆ 812 ಸುತ್ತು. ಲೆಕ್ಕ ಹಾಕಿದರೆ 1,709 ಮೀ. ಎಷ್ಟೋ ವರ್ಷದಿಂದ ಎಲ್ಲರೂ ಎರಡು ಅಂದುಕೊಂಡದ್ದು 291 ಮೀ. ಕಮ್ಮಿ!

ಅಳೆದ ಮೇಲೆ ಫಲಕದಲ್ಲಿ, ಪ್ರಮಾಣಪತ್ರದಲ್ಲಿ ಆ ದೂರವನ್ನೇ ಬರೆಯಿರಿ. ‘ಮಹಿಳೆಯರ ಓಟ, 3 ಕಿ.ಮೀ., ಸಮಯ 16 ನಿಮಿಷ 40 ಸೆಕೆಂಡ್’ ಅಂತಿದ್ದರೆ ಅದಕ್ಕೊಂದು ಬೆಲೆ. ಮುಂದೆ ಆ ಹುಡುಗಿ ಕ್ರೀಡಾ ಕೋಟಾದ ಅರ್ಜಿ ಹಾಕುವಾಗ ‘ಮ್ಯಾರಥಾನ್ ಪ್ರಥಮ’ ಅಂತ ಬರೆದ ಕಾಗದ ಕೊಟ್ಟರೆ ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳಿಯೇ ಕೇಳ್ತಾರೆ. ಉತ್ತರ ಕಾಗದದಲ್ಲೇ ಇರಬೇಕು. ಗಡಿಯ ಶಾಲೆಯ ಮಕ್ಕಳ ಕಾಗದಪತ್ರವನ್ನು ಎರಡು ಸಲ ತಿರುವಿ ನೋಡುವವರು ಇದ್ದೇ ಇರುತ್ತಾರೆ.

ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಜೋನ್ ಬೆನಾಯ್ಟ್ 2:24:52ರಲ್ಲಿ ಗೆದ್ದರು. ಆ 42.195 ಕಿ.ಮೀ.ಗಾಗಿ ಹೆಂಗಸರು ಅಡಗಿ ಓಡಿದ್ದಾರೆ, ನೆಲದ ಮೇಲೆ ಕೂತು ಜಗಳ ಮಾಡಿದ್ದಾರೆ. ನಿಮ್ಮ ಶಾಲೆಯ ದಾರಿ ಅಳೆದಾಗ ಎಷ್ಟು ಬಂತು, ಬೆಳಿಗ್ಗೆ ಮತ್ತು ಮಧ್ಯಾಹ್ನದ ಎಣಿಕೆಯಲ್ಲಿ ಎಷ್ಟು ವ್ಯತ್ಯಾಸ ಕಂಡಿತು ಅಂತ ಪತ್ರಿಕೆಗೆ ಬರೆದು ಕಳಿಸಿ.