ಪ್ಲಾಸ್ಟಿಕ್ ರೋಬೋ ಆಟಿಕೆಗಳಿಗೆ ಸ್ಪ್ರೇ ಲೇಪನ: ಮಲೆನಾಡಿನ ಗೃಹೋದ್ಯಮಿ ಅರಿಯಬೇಕಾದ ಅಂಶಗಳು

ಸಿದ್ಧ ರೋಬೋ ಆಟಿಕೆಗೆ ಹೊಸ ಬಣ್ಣ ನೀಡಿ ಬೇರೆಯದೇ ರೂಪ ಕೊಡುವ ಹವ್ಯಾಸವು ಜಪಾನಿನಲ್ಲಿ 1980ರಲ್ಲಿ ಬಂದ ಗುಂಡಮ್ ಮಾದರಿಗಳು ಹಾಗೂ ಅಮೆರಿಕದಲ್ಲಿ 1984ರಲ್ಲಿ ಬಂದ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳ ಸಂಗ್ರಾಹಕರಲ್ಲಿ ವ್ಯಾಪಕವಾಗಿದೆ. ಸ್ಪ್ರೇ ಡಬ್ಬಿ, ಉಪ್ಪುಕಾಗದ, ಮುಖಗವಸು ಇದ್ದರೆ ಮನೆಯಲ್ಲೇ ಆರಂಭಿಸಬಹುದಾದ ಈ ಕೆಲಸಕ್ಕೆ ಬಂಡವಾಳ ಅಲ್ಪ. ಆದರೆ ಸಕಲೇಶಪುರದ ಬಳಿಯ ಆನೇಮಹಲ್‌ನಂತಹ ಊರುಗಳಲ್ಲಿ ಇದನ್ನು ಕೈಗೊಳ್ಳುವವರು ಪ್ಲಾಸ್ಟಿಕ್‌ನ ಬಗೆ, ಗಾಳಿಯ ತೇವಾಂಶ ಮತ್ತು ಕಾನೂನು ಎಂಬ ಮೂರು ಅಂಶಗಳನ್ನು ಮೊದಲೇ ಪರಿಶೀಲಿಸುವುದು ಅಗತ್ಯ.

ಪ್ಲಾಸ್ಟಿಕ್‌ನ ಬಗೆ

ಎಬಿಎಸ್ ಮತ್ತು ಪಾಲಿಸ್ಟೈರೀನ್‌ಗಳ ಮೇಲೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ಅಸಿಟೋನ್‌ನಂತಹ ದ್ರಾವಕವಿರುವ ಬಣ್ಣವನ್ನು ದಪ್ಪವಾಗಿ ಹೊಡೆದರೆ ಮೇಲ್ಮೈಯೇ ಕರಗುತ್ತದೆ. ಪಾಲಿಪ್ರೊಪಿಲೀನ್, ಪಾಲಿಥೀನ್‌ಗಳಿಗೆ ವಿಶೇಷ ಪ್ರೈಮರ್ ಇಲ್ಲದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಆಟಿಕೆಯ ಮೇಲೆ ತ್ರಿಕೋನದ ಗುರುತಿದ್ದಲ್ಲಿ ಅದರೊಳಗಿನ 5 ಪಾಲಿಪ್ರೊಪಿಲೀನನ್ನೂ 6 ಪಾಲಿಸ್ಟೈರೀನನ್ನೂ ಸೂಚಿಸುತ್ತದೆ.

ಅಚ್ಚಿನಿಂದ ಉಳಿದ ಜಿಡ್ಡನ್ನು ಸಾಬೂನು ನೀರಿನಲ್ಲಿ ತೊಳೆದು, ನಯವಾದ ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ನೀಡಬೇಕು. ಅನಂತರ 20ರಿಂದ 30 ಸೆಂ.ಮೀ. ದೂರದಿಂದ ತೆಳುವಾದ ಹಲವು ಪದರಗಳನ್ನು ಹೊಡೆಯಬೇಕು. ಕೀಲುಗಳು ಉಜ್ಜುವ ಭಾಗದಲ್ಲಿ ಬಣ್ಣ ನಿಲ್ಲದು. ಅವನ್ನು ಟೇಪಿನಿಂದ ಮುಚ್ಚುವುದೇ ಲೇಸು.

ಗಾಳಿಯ ತೇವಾಂಶ

ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಅಲ್ಲಿಯೇ ಹನಿಗಟ್ಟಿ ಬಣ್ಣ ಬಿಳಿಚಿಕೊಳ್ಳುತ್ತದೆ. ಆದುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಉಜ್ಜುವ, ಜೋಡಿಸುವ ಕೆಲಸ ಮುಗಿಸಿಕೊಂಡು, ಕಾಫಿ ಕೊಯ್ಲಿನ ಒಣ ತಿಂಗಳುಗಳಲ್ಲಿ, ಮಂಜು ಕರಗಿದ ಬಳಿಕ ಲೇಪನ ನಡೆಸುವುದು ಸೂಕ್ತ. ಬಣ್ಣ ಬೇಗ ಒಣಗಲೆಂದು ಬಚ್ಚಲೊಲೆಯ ಬಳಿ ಇಡುವುದು ಅಪಾಯಕರ. ಡಬ್ಬಿಯೊಳಗಿನ ಒತ್ತಡದ ಅನಿಲವು ಸಾಮಾನ್ಯವಾಗಿ ಅಡುಗೆ ಅನಿಲದಂತೆಯೇ ಹೊತ್ತಿಕೊಳ್ಳುವಂತಹುದು. ಗಾಳಿಯಾಡುವ ಜಾಗ, ಆವಿ ತಡೆಯುವ ಮುಖಗವಸು ಕಡ್ಡಾಯ.

ಮಾರಾಟಕ್ಕೆ ಮುನ್ನ

ಮನೆಬಳಕೆ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸವು 90 ಪಿಪಿಎಂ ಮೀರಬಾರದೆಂಬ ಕೇಂದ್ರದ 2016ರ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ವಾಹನ ಹಾಗೂ ಕೈಗಾರಿಕಾ ಬಣ್ಣಗಳು ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಬೈಕಿಗೆಂದು ತಯಾರಾದ ಸ್ಪ್ರೇ ಡಬ್ಬಿಯನ್ನು ಮಗು ಬಾಯಿಗಿಡುವ ಆಟಿಕೆಗೆ ಬಳಸಬಾರದೆನ್ನಲು ಇದೊಂದೇ ಕಾರಣ ಸಾಕು.

14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ವಿದ್ಯುತ್‌ರಹಿತ ಆಟಿಕೆಗೆ ಐಎಸ್ 9873, ಬ್ಯಾಟರಿ ಅಥವಾ ವಿದ್ಯುತ್ತಿನಿಂದ ನಡೆಯುವುದಕ್ಕೆ ಐಎಸ್ 15644 ಮಾನದಂಡ ಅನ್ವಯಿಸುತ್ತದೆ. ಭೌಗೋಳಿಕ ಗುರುತು ಪಡೆದ ಚನ್ನಪಟ್ಟಣದ ಆಟಿಕೆಗಳ ಅಧಿಕೃತ ಬಳಕೆದಾರರಿಗೆ ದೊರೆತ ವಿನಾಯಿತಿ ಪ್ಲಾಸ್ಟಿಕ್ ರೋಬೋಗಳಿಗೆ ಸಲ್ಲದು. ಮೂಲ ಆಟಿಕೆಗೆ ಐಎಸ್‌ಐ ಗುರುತಿದ್ದರೂ ಪರೀಕ್ಷೆಗೊಳಗಾದದ್ದು ಅದರ ಹಳೆಯ ಬಣ್ಣವೇ ಹೊರತು ಹೊಸ ಲೇಪನವಲ್ಲ.

ಆದುದರಿಂದ ಹೊಸಬರು ಸ್ವಂತ ಸಂಗ್ರಹ ಮತ್ತು ವಯಸ್ಕ ಸಂಗ್ರಾಹಕರ ಪ್ರದರ್ಶನ ವಸ್ತುಗಳಿಗೆ ಕೆಲಸವನ್ನು ಸೀಮಿತಗೊಳಿಸಿಕೊಳ್ಳುವುದು ಕ್ಷೇಮ. ಮಕ್ಕಳ ಆಟಿಕೆಗಳ ಬೇಡಿಕೆ ಬಂದಲ್ಲಿ, ಮುಂಗಡ ಪಡೆಯುವ ಮೊದಲೇ ಭಾರತೀಯ ಮಾನಕ ಬ್ಯೂರೋದ ಬೆಂಗಳೂರು ಶಾಖೆಯಲ್ಲಿ ವಿಚಾರಿಸಿ, ಪರವಾನಗಿ ಹಾಗೂ ಪರೀಕ್ಷೆಯ ವೆಚ್ಚವನ್ನು ಬೆಲೆಯಲ್ಲಿ ಸೇರಿಸಿಕೊಳ್ಳತಕ್ಕದ್ದು.