ಲೋಕಲ್‌ನಲ್ಲಿ ನಿಂತು ಓದೋರಿಗೆ ಕನ್ನಡದಲ್ಲಿ ಬರೆಯೋದು ಹೇಗೆ?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಒಂದೆರಡು ಉದಾಹರಣೆ ಸೇರಿಸಿ ಇಲ್ಲಿ ಹಾಕಿದ್ದೇವೆ. ಡೊಂಬಿವಲಿಯಿಂದ ಠಾಣೆಗೆ ಬಂದು, ಅಲ್ಲಿ ಟ್ರಾನ್ಸ್ ಹಾರ್ಬರ್ ಪ್ಲಾಟ್‌ಫಾರ್ಮಿಗೆ ಓಡಿ, ಐರೋಲಿಗೋ ಘಣಸೋಲಿಗೋ ಹೋಗೋ ಮಂದಿ "ನೋಡೋಕಾಗಲ್ಲ, ಓದ್ತೀವಿ" ಅಂತ ಕೇಳಿದ್ದಕ್ಕೇ ಈ ಬರಹರೂಪ.

ಈ ಸಲದ ಪ್ರಶ್ನೆ ಸುಮಾರು ಜನರದ್ದು. "ನಮ್ಮ ಸಂಘದ ವೆಬ್‌ಸೈಟಿಗೆ ಏನಾದ್ರೂ ಬರೀರಿ ಅಂತಾರೆ. ಕಷ್ಟಪಟ್ಟು ಬರೆದ್ರೆ ಯಾರೂ ಓದಲ್ಲ. ನಮಗೆ ಬರೆಯೋಕೆ ಬರಲ್ವೋ, ಜನಕ್ಕೆ ಓದೋಕೆ ಬರಲ್ವೋ?"

ಜನ ಹೇಗೆ ಓದ್ತಾರೆ ಅನ್ನೋದರಿಂದಲೇ ಶುರುಮಾಡೋಣ. ವೆಬ್ ಪುಟಗಳನ್ನ ಜನ ಹೇಗೆ ಬಳಸ್ತಾರೆ ಅಂತ ಪರೀಕ್ಷೆ ಮಾಡ್ತಿದ್ದ ಯಾಕೋಬ್ ನೀಲ್ಸನ್ 1997ರಲ್ಲೇ ಒಂದು ಲೆಕ್ಕ ಕೊಟ್ಟಿದ್ದರು. ಅವರ ಪರೀಕ್ಷೆಗೆ ಬಂದವರಲ್ಲಿ ಶೇಕಡ 79ರಷ್ಟು ಜನ ಹೊಸ ಪುಟವನ್ನ ಸುಮ್ನೆ ಕಣ್ಣಾಡಿಸಿ ಬಿಡ್ತಿದ್ದರು. ಪದ ಪದ ಓದಿದವರು ಶೇಕಡ 16 ಮಾತ್ರ. ಅದು ಮೇಜಿನ ಮುಂದೆ ಕೂತು, ದೊಡ್ಡ ಪರದೆ ನೋಡ್ತಿದ್ದ ಕಾಲ. ಈಗ ನಿಮ್ಮ ಓದುಗ ಒಂದು ಕೈಯಲ್ಲಿ ಮೇಲಿನ ಹಿಡಿ ಹಿಡ್ಕೊಂಡು, ಬ್ಯಾಗನ್ನ ಎದೆಗೆ ತಿರುಗಿಸಿಕೊಂಡು, ಉಳಿದ ಹೆಬ್ಬೆರಳಲ್ಲಿ ಪರದೆ ತಳ್ತಾ ಇದ್ದಾನೆ. ದಿವಾದಲ್ಲಿ ಜನ ನುಗ್ಗಿದ್ರೆ ಫೋನ್ ಜೇಬಿಗೆ ಹೋಗುತ್ತೆ. ಮತ್ತೆ ಹೊರಗೆ ಬರುತ್ತೋ ಇಲ್ವೋ ಅನ್ನೋದು ನಿಮ್ಮ ಮೊದಲ ಎರಡು ಮೂರು ಸಾಲಿನ ಮೇಲಿದೆ.

ಆ ಜಾಗದಲ್ಲಿ ನಾವು ಸಾಮಾನ್ಯವಾಗಿ ಏನು ಬರೀತೀವಿ? ಇದು:

"ನಗರದ ಪ್ರತಿಷ್ಠಿತ ಕನ್ನಡ ಸಂಘದ ವತಿಯಿಂದ ಕಳೆದ ಭಾನುವಾರ ಸಂಜೆ ಸ್ಥಳೀಯ ಸಭಾಗೃಹದಲ್ಲಿ ಮಾನ್ಯ ಅಧ್ಯಕ್ಷರ ನೇತೃತ್ವದಲ್ಲಿ ಅನೇಕ ಗಣ್ಯರ ಉಪಸ್ಥಿತಿಯೊಂದಿಗೆ ಕನ್ನಡ ರಾಜ್ಯೋತ್ಸವವನ್ನು ಅತ್ಯಂತ ವಿಜೃಂಭಣೆಯಿಂದ ಆಚರಿಸಲಾಯಿತು."

ಇದರಲ್ಲಿ ತಪ್ಪೇನೂ ಇಲ್ಲ. ಹೋದ ವರ್ಷದ ವರದಿಯನ್ನ ಇದರ ಜಾಗದಲ್ಲಿಟ್ರೆ ಯಾರಿಗೂ ಗೊತ್ತಾಗಲ್ಲ, ಅಷ್ಟೇ. ಈಗ ಇದನ್ನ ಓದಿ. ಉದಾಹರಣೆಗೆ ಅಂತ ನಾವೇ ಕಟ್ಟಿದ್ದು:

"ನಾಡಗೀತೆ ಎರಡನೇ ಚರಣಕ್ಕೆ ಬರೋ ಹೊತ್ತಿಗೆ ಸಭೆಯಲ್ಲಿ ಅರ್ಧ ಜನರ ದನಿ ನಿಂತುಹೋಯಿತು. ಮುಂದಿನ ಸಾಲಿನ ಏಳನೇ ಕ್ಲಾಸ್ ಹುಡುಗಿ ಮಾತ್ರ ಪೂರ್ತಿ ಹಾಡಿದಳು. ಅವಳಿಗೆ ಕನ್ನಡ ಓದೋಕೆ ಬರಲ್ಲ. ಅಜ್ಜಿ ಹೇಳಿಕೊಟ್ಟಿದ್ದನ್ನ ದೇವನಾಗರಿಯಲ್ಲಿ ಬರ್ಕೊಂಡು ಬಂದಿದ್ದಳು."

ಅದೇ ಕಾರ್ಯಕ್ರಮ, ಅದೇ ಸಭಾಗೃಹ. ಆದ್ರೆ ಇಲ್ಲಿ ಓದುಗನಿಗೆ ತನ್ನ ಮಗಳು ನೆನಪಾಗ್ತಾಳೆ. ಅಜ್ಜಿ ಊರಿಗೆ ಹೋದ ಮೇಲೆ ಈ ಹುಡುಗಿಯ ಕನ್ನಡ ಏನಾಗುತ್ತೆ ಅನ್ನೋ ಪ್ರಶ್ನೆ ಹುಟ್ಟುತ್ತೆ. ಹಾಗಂತ ಗಣ್ಯರ ಹೆಸರು ಬಿಡಬೇಡಿ. ಊಟದ ಖರ್ಚು ಕೊಟ್ಟವರಿಗೆ ತಮ್ಮ ಹೆಸರು ಕಾಣಬೇಕು, ಅದು ನ್ಯಾಯವೇ. ಕೊನೆಯಲ್ಲಿ ಒಂದು ಪ್ಯಾರಾ ಮಾಡಿ ಎಲ್ಲರ ಹೆಸರನ್ನೂ ಹಾಕಿ. ಹೆಸರಿದ್ದೋರು ಹುಡುಕಿಕೊಂಡು ಅಲ್ಲಿತನಕ ಬಂದೇ ಬರ್ತಾರೆ!

ಇನ್ನೊಂದು ತೊಂದರೆ ಇರೋದು ನಮ್ಮ ಭಾಷೆಯ ಕಟ್ಟಿನಲ್ಲೇ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ವಾಕ್ಯ ಉದ್ದವಾದಷ್ಟೂ ಓದುಗ ಎಲ್ಲವನ್ನೂ ತಲೆಯಲ್ಲಿ ಹೊತ್ಕೊಂಡು ಆ ಕೊನೆಯ ಪದಕ್ಕೆ ಕಾಯಬೇಕು. "ಮೂಲತಃ ಕುಂದಾಪುರದ ಕಡೆಯವರಾದ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಬ್ಯಾಂಕ್ ಉದ್ಯೋಗಿಯಾಗಿ, ಹಲವು ವರ್ಷಗಳಿಂದ ಡೊಂಬಿವಲಿ ಪೂರ್ವದಲ್ಲಿ ನೆಲೆಸಿರುವ ನಮ್ಮ ನೆರೆಮನೆಯವರು ಮೊನ್ನೆ ತಮ್ಮ ಎಂಬತ್ತನೇ ಹುಟ್ಟುಹಬ್ಬ ಆಚರಿಸಿಕೊಂಡರು." ಫೋನಿನ ಪರದೆಯಲ್ಲಿ ಇದು ಏಳೆಂಟು ಸಾಲು. ಯಾರ ಬಗ್ಗೆ ಮಾತು ಅಂತ ಗೊತ್ತಾಗೋಕೇ ಐದಾರು ಸಾಲು ಬೇಕು. ಒಡೆದು ನೋಡಿ: "ನಮ್ಮ ನೆರೆಮನೆಯವರಿಗೆ ಮೊನ್ನೆ ಎಂಬತ್ತು ತುಂಬಿತು. ಬ್ಯಾಂಕಿನಲ್ಲಿ ರಿಟೈರ್ ಆದವರು. ಅದಕ್ಕೂ ಮುಂಚೆ ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಗೆ ಹೋದವರು. ಊರು ಕುಂದಾಪುರದ ಕಡೆ." ಎದುರಿಗೆ ಕೂತು ಹೇಳಿದ್ರೆ ನೀವು ಹೀಗೇ ಹೇಳ್ತಿದ್ರಿ, ಅಲ್ವಾ?

ಈ ಎಂಬತ್ತರ ಅಜ್ಜನನ್ನ ಸುಮ್ನೆ ತರಲಿಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ತಲೆಮಾರಿಗೆ ಈಗ ವಯಸ್ಸಾಗಿದೆ. ಅವರು ನಿಮ್ಮ ಸೊಸೈಟಿಯ ಬೆಂಚಿನ ಮೇಲೆ ಸಂಜೆ ಕೂತಿರ್ತಾರೆ. ಯಾವ ಹೋಟೆಲು, ಎಷ್ಟು ಸಂಬಳ, ಶಾಲೆ ಮುಗಿಸಿ ಬಂದು ಎಲ್ಲಿ ಮಲಗ್ತಿದ್ದರು, ಊರಿಗೆ ಮನಿಯಾರ್ಡರ್ ಯಾವಾಗ ಕಳಿಸ್ತಿದ್ದರು - ಇಂಥ ಎಷ್ಟೋ ವಿವರ ಅವರ ಬಾಯಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಫೋನಿನಲ್ಲಿ ಅರ್ಧ ಗಂಟೆ ರೆಕಾರ್ಡ್ ಮಾಡಿಕೊಂಡ್ರೆ ಎರಡು ಬರಹ ಆಗುತ್ತೆ. ಮುಂದಿನ ದೀಪಾವಳಿ ವಿಶೇಷಾಂಕಕ್ಕೆ ನೋಡೋಣ ಅಂತ ಇಟ್ಟರೆ ಕೆಲವು ಸಲ ಬೆಂಚು ಖಾಲಿ ಆಗಿರುತ್ತೆ.

"ಸರಿ, ಅವರದ್ದು ಕಥೆ ಇದೆ. ನಮ್ಮ ಐಟಿ ಕೆಲಸದಲ್ಲಿ ಏನಿದೆ ಬರೆಯೋಕೆ? ಆಫೀಸು, ಮನೆ, ಟ್ರೇನು." ಈ ಮಾತು ಬಹಳ ಕೇಳಿದ್ದೇವೆ. ಮುಂಬಯಿಯಲ್ಲೇ ಕೂತು ಇದಕ್ಕೆ ಉತ್ತರ ಬರೆದವರು ಯಶವಂತ ಚಿತ್ತಾಲರು. ಉತ್ತರ ಕನ್ನಡದ ಹನೇಹಳ್ಳಿಯವರು, ಕಸುಬಿನಲ್ಲಿ ಪಾಲಿಮರ್ ತಂತ್ರಜ್ಞರು. 1979ರ ಅವರ 'ಶಿಕಾರಿ' ಕಾದಂಬರಿಯ ನಾಗಪ್ಪ ಒಂದು ದೊಡ್ಡ ಕಂಪನಿಯ ನೌಕರ. ಅವನನ್ನ ಸಸ್ಪೆಂಡ್ ಮಾಡ್ತಾರೆ, ಯಾಕೆ ಅಂತ ಅವನಿಗೇ ಸರಿಯಾಗಿ ಗೊತ್ತಿಲ್ಲ. ಯಾರು ಹಿಂದಿಂದ ಕೈ ಆಡಿಸಿದರು, ಯಾರನ್ನ ನಂಬೋದು ಅನ್ನೋ ಭಯದಲ್ಲೇ ಕಾದಂಬರಿ ನಡೆಯುತ್ತೆ. ಪಿಐಪಿಯಲ್ಲಿ ಇದ್ದವರು, ಬೆಂಚ್ ಮೇಲೆ ಕೂತು ಎಚ್‌ಆರ್ ಮೇಲ್‌ಗೆ ಕಾದವರು ಇದನ್ನ ಓದಿದ್ರೆ ಬೆಚ್ಚಿಬೀಳ್ತಾರೆ. ವ್ಯಾಸರಾಯ ಬಲ್ಲಾಳರ 'ಬಂಡಾಯ' ಮುಂಬಯಿಯ ಕಾರ್ಮಿಕ ಸಂಘಟನೆಯ ಲೋಕದ್ದು. 1986ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗೋಕರ್ಣದ ಜಯಂತ ಕಾಯ್ಕಿಣಿ ಇಲ್ಲಿ ಔಷಧ ಕಂಪನಿಯಲ್ಲಿ ಬಯೋಕೆಮಿಸ್ಟ್ ಆಗಿ ದುಡೀತಾ ಚಾಳು, ಲೋಕಲ್, ಇರಾನಿ ಹೋಟೆಲಿನ ಕಥೆ ಬರೆದರು. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದ ಆ ಮುಂಬಯಿ ಕಥೆಗಳಿಗೇ 2018ರ ಡಿಎಸ್‌ಸಿ ಪ್ರಶಸ್ತಿ ಸಿಕ್ಕಿದ್ದು. ಮೂವರೂ ಊರಿನ ನೆನಪು ಒಂದನ್ನೇ ನೆಚ್ಚಿಕೊಂಡು ಕೂರಲಿಲ್ಲ. ಇಲ್ಲಿ, ಈಗ, ತಾವು ದುಡಿಯೋ ಊರನ್ನ ನೋಡಿದರು.

ನಾವ್ಯಾರೂ ಚಿತ್ತಾಲರಲ್ಲ, ಒಪ್ಪಿದೆ. ಹಾಗಾದ್ರೆ ಶ್ರೀವತ್ಸ ಜೋಶಿಯವರನ್ನ ನೋಡಿ. ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತಾ 2002ರಿಂದ ಸುಮಾರು ಐದು ವರ್ಷ ದಟ್ಸ್‌ಕನ್ನಡಕ್ಕೆ ವಾರವಾರ 'ವಿಚಿತ್ರಾನ್ನ' ಅಂಕಣ ಬರೆದರು. ಊಟ, ಪದಗಳ ಆಟ, ಓದುಗರ ಪತ್ರ ಎಲ್ಲವೂ ಅದಕ್ಕೆ ಸರಕು. ಆಮೇಲೆ ಪುಸ್ತಕವೂ ಆಯಿತು. ಅದರಲ್ಲಿ ಕಲಿಯೋದು ಮುಖ್ಯವಾಗಿ ವಾರವಾರ ಅನ್ನೋದನ್ನ. ನವೆಂಬರಿನಲ್ಲಿ ಒಂದೇ ಸಲ ಐದು ಬರಹ ಹಾಕಿ ಉಳಿದ ವರ್ಷ ಸುಮ್ನಿರೋ ಪುಟಕ್ಕೆ ಯಾರೂ ವಾಪಸ್ ಬರಲ್ಲ.

ಬರೆಯೋ ವಿಷಯ ಆರಿಸೋಕೆ ನಾವು ಕೇಳಿಕೊಳ್ಳೋ ಪ್ರಶ್ನೆ ಒಂದೇ: ಇದನ್ನ ಪೇಪರಿನವರು ಬರೀಬಹುದಾ? ಬರೀಬಹುದು ಅಂದ್ರೆ ಬಿಡಿ, ಅವರು ನಿಮಗಿಂತ ಬೇಗ ಬರೀತಾರೆ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಹತ್ತಿರ ತಿರುವಿನಲ್ಲಿ ಎರಡು ಲೋಕಲ್ ಅಕ್ಕಪಕ್ಕ ಹಾದಾಗ ಫುಟ್‌ಬೋರ್ಡ್ ಮೇಲೆ ನೇತಾಡ್ತಿದ್ದವರು ಕೆಳಗೆ ಬಿದ್ದರು. ಕನಿಷ್ಠ ನಾಲ್ವರು ಸತ್ತರು. ಆವತ್ತು ನಮ್ಮ ಗ್ರೂಪುಗಳಲ್ಲೆಲ್ಲ ಅದೇ ವಿಡಿಯೋ, ಅದೇ ಸಂಖ್ಯೆ, ಮತ್ತೆ "ಜನ ಯಾಕೆ ಹಾಗೆ ನೇತಾಡ್ತಾರೋ" ಅನ್ನೋ ಉಪದೇಶ. ಅದಕ್ಕೆ ಉತ್ತರ ಗೊತ್ತಿರೋದು ದಿನಾ ಆ ಬಾಗಿಲಲ್ಲಿ ನಿಲ್ಲೋರಿಗೆ. ಗಾಡಿ ಕಲ್ಯಾಣದಿಂದಲೇ ತುಂಬಿಕೊಂಡು ಬರುತ್ತೆ. ಡೊಂಬಿವಲಿಯಲ್ಲಿ ಒಳಗೆ ನುಗ್ಗಿದ್ರೂ ಠಾಣೆಯಲ್ಲಿ ಇಳಿಯೋಕೆ ಬಿಡ್ತಾರೋ ಇಲ್ವೋ ಅಂತ ಬಾಗಿಲ ಹತ್ತಿರವೇ ನಿಲ್ಲೋದು. ಮುಂದಿನ ಗಾಡಿಗೆ ಕಾದ್ರೆ ಆಫೀಸಿನ ಸ್ವೈಪ್ ತಪ್ಪುತ್ತೆ. ಅದೇ ಹೊತ್ತಿಗೆ ಊರಿಂದ ಅಮ್ಮನ ಫೋನು: "ನೀನು ಒಳಗೇ ನಿಲ್ತೀಯಲ್ಲ ಮಗಾ?" ಅವರಿಗೆ ಏನು ಹೇಳಿದ್ರಿ? ನಿಜ ಹೇಳಿದ್ರಾ? ಆ ಉತ್ತರವನ್ನ ನಾಲ್ಕು ಪ್ಯಾರಾ ಬರೆದಿದ್ರೆ ಅದು ಬೇರೆ ಯಾರಿಗೂ ಸಾಧ್ಯವಿಲ್ಲದ ಬರಹ. ಹೊಸ ಗಾಡಿಗಳಿಗೆ ತಾನಾಗಿ ಮುಚ್ಚೋ ಬಾಗಿಲು ಬರುತ್ತೆ ಅಂತ ರೈಲ್ವೆ ಹೇಳಿದೆ. ಬಾಗಿಲು ಮುಚ್ಚಿದ ಮೇಲೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಉಳಿಯೋರ ಕಥೆಯನ್ನೂ ಯಾರೋ ಬರೀಬೇಕಾಗುತ್ತೆ.

ಎಲ್ಲವೂ ಹೀಗೆ ಭಾರದ್ದೇ ಇರಬೇಕಿಲ್ಲ. ಉಪಯೋಗಕ್ಕೆ ಬರೋದೂ ಚೆನ್ನಾಗಿ ಓದಿಸಿಕೊಳ್ಳುತ್ತೆ. ಚೌತಿಗೆ ಊರಿಗೆ ಹೋಗೋರಿಗೆ ಮತ್ಸ್ಯಗಂಧಾ ಟಿಕೆಟ್ ಸಿಗೋ ಪಾಡು, ಬೆಂಗಳೂರಿಗೆ ಕಲ್ಯಾಣದಲ್ಲೇ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತೋ ಅನುಕೂಲ, ಮಳೆಗಾಲದಲ್ಲಿ ಊರಿನ ಮೇಳದ ತಿರುಗಾಟ ಮುಗಿದ ಮೇಲೆ ಇಲ್ಲಿಗೆ ಬರೋ ಯಕ್ಷಗಾನ ಕಲಾವಿದರ ಆಟ ಎಲ್ಲೆಲ್ಲಿ - ಇಂಥವು. ಆದ್ರೆ ಬರೆದ ತಾರೀಖು ಹಾಕಿ, ಬದಲಾದಾಗ ತಿದ್ದಿ. ರೈಲು ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದದ್ದು 2024ರ ನವೆಂಬರ್ 1ರಿಂದ. ಹಳೇ ಲೆಕ್ಕ ಇನ್ನೂ ನಿಮ್ಮ ಪುಟದಲ್ಲಿದ್ರೆ ನಂಬಿದವನ ಹಬ್ಬದ ಪ್ಲಾನು ಹಾಳು.

ತಲೆಬರಹದ ಬಗ್ಗೆ ಒಂದೇ ಮಾತು. ವಾಟ್ಸ್ಯಾಪ್‌ನಲ್ಲಿ ಲಿಂಕ್ ಹಾಕಿದಾಗ ಎದ್ದು ಕಾಣೋದು ಅದೇ. "ಒಂದು ಅನುಭವ" ಅಂದ್ರೆ ಯಾರೂ ಒತ್ತಲ್ಲ. "ಶಾಕ್ ಆಗ್ತೀರಾ" ಅಂದ್ರೆ ಒಂದು ಸಲ ಒತ್ತುತ್ತಾರೆ. ನಿಮ್ಮ ಓದುಗರು ಅಪರಿಚಿತರಲ್ಲ, ನಾಳೆ ಅದೇ ಪ್ಲಾಟ್‌ಫಾರ್ಮಿನಲ್ಲಿ ಸಿಗ್ತಾರೆ. ಒಳಗೇನಿದೆಯೋ ಅದನ್ನೇ ಮೇಲೆ ಬರೀರಿ.

ಯಾವ ಕನ್ನಡ? ನಮ್ಮಲ್ಲಿ ಕುಂದಾಪುರದವರಿದ್ದಾರೆ, ವಿಜಯಪುರದವರಿದ್ದಾರೆ, ಮೈಸೂರಿನವರಿದ್ದಾರೆ. ಎಲ್ಲರಿಗೂ ಒಪ್ಪೋ ಪುಸ್ತಕದ ಕನ್ನಡ ಹುಡುಕೋಕೆ ಹೋಗಿ ಯಾರದ್ದೂ ಅಲ್ಲದ ಕನ್ನಡ ಬರೀತೀವಿ. ಸಂಗತಿ ಹೇಳೋವಾಗ ಸರಳ ಬರವಣಿಗೆಯ ಕನ್ನಡ ಇರಲಿ, ಜನ ಮಾತಾಡೋ ಕಡೆ ಅವರವರ ಕನ್ನಡವೇ ಇರಲಿ. ವಿಜಯಪುರದ ಕಾಕಾ "ಏನ್ ಮಾಡಾಕತ್ತಿ" ಅಂದಿದ್ದನ್ನ "ಏನು ಮಾಡುತ್ತಿರುವೆ" ಅಂತ ಮಾಡಬೇಡಿ. ಡಿಪ್ಲಾಯ್‌ಮೆಂಟನ್ನ ನಿಯೋಜನೆ ಅಂತ ಬರೆದ್ರೆ ನಿಮ್ಮ ಟೀಮಿನ ಕನ್ನಡಿಗನಿಗೇ ಅರ್ಥವಾಗಲ್ಲ. ಶೇಜಾರಿ, ಭಾಜಿ ಥರದ ಮರಾಠಿ ಪದ ಬಂದ್ರೆ ಇರಲಿ. ಊರಲ್ಲಿ ಓದೋರಿಗಾಗಿ ಮೊದಲ ಸಲ ಮಾತಿನ ಜೊತೆಗೇ ಬಿಡಿಸಿ ಹೇಳಿ.

ಕೊನೆಗೆ ಸ್ವಲ್ಪ ತಾಂತ್ರಿಕ. ಇದು ನಮ್ಮ ಜನಕ್ಕೆ ಬೇಗ ಅರ್ಥವಾಗೋ ಭಾಗ, ಆದ್ರೂ ಮಾಡೋರು ಕಡಿಮೆ. ಕನ್ನಡ 1991ರಿಂದಲೇ ಯೂನಿಕೋಡ್‌ನಲ್ಲಿದೆ. ಆದ್ರೂ ಹಳೇ ಸ್ಮರಣಸಂಚಿಕೆಗಳೆಲ್ಲ ಯೂನಿಕೋಡ್ ಅಲ್ಲದ ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಕೂತಿವೆ. ಹಾಗೇ ಕಾಪಿ ಮಾಡಿ ಹಾಕಿದ್ರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡ್ ಮಾಡ್ಕೊಳ್ಳಿ. ಬರಹವನ್ನ ಫೋಟೋ ಮಾಡಿ ಹಾಕೋ ಅಭ್ಯಾಸ ಬಿಡಿ: ಹುಡುಕಿದ್ರೆ ಸುಲಭಕ್ಕೆ ಸಿಗಲ್ಲ, ಕಣ್ಣು ಕಾಣದವರ ಫೋನು ಅದನ್ನ ಸರಿಯಾಗಿ ಓದಿ ಹೇಳಲ್ಲ. ಹೆಸರಿನ ಕಾಗುಣಿತವೂ ಹಾಗೇ. ಠಾಣೆ, ಥಾಣೆ, ಡೊಂಬಿವಲಿ, ಡೊಂಬಿವ್ಲಿ - ಜನ ನಾಲ್ಕು ಥರ ಹುಡುಕ್ತಾರೆ. ಒಂದನ್ನ ಹಿಡ್ಕೊಳ್ಳಿ, ಇನ್ನೊಂದು ರೂಪ ಬರಹದಲ್ಲಿ ಎಲ್ಲಾದ್ರೂ ಒಂದು ಸಲ ಬರಲಿ. ಟೈಪಿಂಗ್ ಬೇಜಾರು ಅನ್ನೋರು ಫೋನಿಗೆ ಬಾಯಲ್ಲಿ ಹೇಳಿ ಬರೆಸಿ, ಮನೆಗೆ ಬಂದು ತಿದ್ದಿ. ಹೇಳಿ ಬರೆಸಿದ್ದರಲ್ಲಿ ವಾಕ್ಯ ತಾನಾಗೇ ಚಿಕ್ಕದಿರುತ್ತೆ, ಆದ್ರೆ ಪೂರ್ಣವಿರಾಮ ನೀವೇ ಹಾಕ್ಬೇಕು.

ಆಫೀಸಿನ ಬಗ್ಗೆ ಬರೆಯೋರು ಕ್ಲೈಂಟ್ ಹೆಸರು, ಪ್ರಾಜೆಕ್ಟ್ ಹೆಸರು, ಮ್ಯಾನೇಜರ್ ಹೆಸರು ತೆಗೆದು ಬರೀರಿ. ಸಹಿ ಮಾಡಿದ ಗೋಪ್ಯತೆ ಒಪ್ಪಂದ ನೆನಪಿರಲಿ. ನಾಗಪ್ಪನ ಕಂಪನಿ ಯಾವುದು ಅಂತ ಗೊತ್ತಿಲ್ಲದೇನೂ ಶಿಕಾರಿ ಓದಿಸಿಕೊಂಡು ಹೋಗುತ್ತೆ.

ಬರೆದದ್ದನ್ನ ನಮಗೂ ಕಳಿಸಿ. ಐನೂರು ಪದ ಸಾಕು. ಮುಂದಿನ ವಾರ, ಬಂದ ಬರಹಗಳಲ್ಲಿ ಎರಡನ್ನ ಬರೆದವರ ಒಪ್ಪಿಗೆ ತಗೊಂಡು ವಿಡಿಯೋದಲ್ಲೇ ಸಾಲು ಸಾಲಾಗಿ ತಿದ್ದೋಣ.